ಪೂಜೆಯಾಗದ ಗಾಡಿ

ಬಿಚ್ಚಿದ ಮೋಟಾರು ಹೊಸದಲ್ಲ. ಇದು ನನ್ನ ಅಂಗಡಿಯ ಕಾನೂನು. ದಾವಣಗೆರೆಯಲ್ಲಿ ಪಂಪ್‌ಸೆಟ್ಟಿನ ಸಾಮಾನು ಮಾರಿಕೊಂಡು ಬದುಕಿದವನು ನಾನು. ಸಾರಥಿ ಎಂಬ ಹಳ್ಳಿಯ ಕಡೆಯಿಂದ ಬಂದ ರೈತರು, "ಒಂದೇ ದಿನ ಓಡಿಸೀವ್ರಿ, ಹೊಸದಿದ್ದಂಗೇ ಐತೆ, ವಾಪಸ್ ತಗಳ್ರಿ" ಎಂದು ಎಷ್ಟು ಗೋಗರೆದರೂ ಆ ಮೋಟಾರನ್ನು ನಾನು ಮುಟ್ಟುತ್ತಿರಲಿಲ್ಲ. ಒಮ್ಮೆ ಬೇರೆಯವರ ಕೈ ಸೋಕಿದ ಮೇಲೆ ಮುಗಿಯಿತು, ಅದು ಹಳೆಯದೇ. ಅಂಥ ನಾನೇ, ತೊಂಬತ್ತರ ದಶಕದ ಕೊನೆಗೆ ಊರಿಗೆಲ್ಲ ಸಣ್ಣ ಕಾರಿನ ಹುಚ್ಚು ಹತ್ತಿದ್ದಾಗ, ನೂರಾರು ಮಂದಿ ಹತ್ತಿ ಇಳಿದ ಡೆಮೊ ಗಾಡಿಯೊಂದನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ವಾರಗಟ್ಟಲೆ ನಿದ್ದೆಗೆಟ್ಟೆ.

ಡೆಮೊ ಗಾಡಿ ಎಂದರೆ ಗಿರಾಕಿಗಳಿಗೆ ಓಡಿಸಿ ತೋರಿಸಲೆಂದೇ ಶೋರೂಮಿನವರು ಇಟ್ಟುಕೊಂಡ ಕಾರು. ಪಿ.ಬಿ. ರಸ್ತೆಯ ಶೋರೂಮಿನಲ್ಲಿ ಹೊಸ ಕಾರು ಗಾಜಿನ ಹಿಂದೆ, ಸೀಟಿನ ಪ್ಲಾಸ್ಟಿಕ್ಕು ಕೂಡ ಬಿಚ್ಚದೆ, ನೆರಳಲ್ಲಿ ನಿಂತಿತ್ತು. ಡೆಮೊ ಗಾಡಿ ಹೊರಗೆ ಬೇವಿನ ಮರದ ಕೆಳಗೆ ನಿಂತಿತ್ತು. ಅದೇ ಕಾರು, ಅದೇ ಬಿಳಿ ಬಣ್ಣ. ನಂಬರಿನ ಜಾಗದಲ್ಲಿ ಮಾತ್ರ ಶೋರೂಮಿನ ಕೆಂಪು ಫಲಕ. ಮ್ಯಾನೇಜರು ನನ್ನನ್ನು ಒಮ್ಮೆ ನೋಡಿದ್ದೇ ತಡ, ಈ ಮನುಷ್ಯನಿಗೆ ಯಾವ ಗಾಡಿ ತೋರಿಸಬೇಕು ಎಂದು ತಿಳಿದುಕೊಂಡ. ನನ್ನ ಜಿಪುಣತನ ಮುಖದ ಮೇಲೇ ಬರೆದಿದೆ ಎಂದು ನನ್ನ ಹೆಂಡತಿ ಹೇಳುವುದು ಸುಳ್ಳಲ್ಲ.

"ಎಂಟು ಸಾವಿರ ಕಿಲೋಮೀಟರು ಓಡೈತೆ ಅಷ್ಟೇ ಸರ್. ಇನ್ನೂ ರಿಜಿಸ್ಟ್ರೇಶನ್ ಆಗಿಲ್ಲ. ಬುಕ್ಕಿನ್ಯಾಗೆ ನೀವೇ ಮೊದಲ್ನೇ ಓನರ್. ಗ್ಯಾರಂಟಿ ಎಲ್ಲಾ ಹೊಸದಕ್ಕೆ ಇದ್ದಂಗೇ," ಎಂದ. ಆಮೇಲೆ ದನಿ ತಗ್ಗಿಸಿ, ಎಷ್ಟು ಕಡಿಮೆ ಮಾಡಬಹುದೆಂದು ಹೇಳಿದ. ಆ ಅಂಕಿ ಕೇಳಿ ಬಿಚ್ಚಿದ ಮೋಟಾರಿನ ಕಾನೂನು ನನಗೆ ಅರೆಗಳಿಗೆ ಮರೆತುಹೋಯಿತು.

ಮನೆಗೆ ಬಂದು ಹೇಳಿದರೆ ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ಕಣ್ಣೆತ್ತಲಿಲ್ಲ.

"ಮಂದಿ ಉಂಡೆದ್ದ ಎಲಿಗೆ ನನ್ನ ಕುಂದ್ರಸ್ತೀರೇನು?"

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೆ."

"ನಿಮ್ಮ ಹಾಸಿಗೆ ಎಷ್ಟೈತಿ ಅಂತ ನಂಗೊತ್ತು. ಮಡಿಚಿ ತಲೆದಿಂಬಿನ ಕೆಳಗೆ ಇಟ್ಕಂಡೀರಿ," ಎಂದಳು. "ಯಾರ್ಯಾರು ಕುಂತಾರೋ ಅದ್ರಾಗೆ. ಎಂಥೆಂಥೋರು ಕುಂತಾರೋ. ಮೊದಲ್ನೇ ಕಾರು. ಹೊಸಾದೇ ಬರ್ಲಿ."

ಎಂಥೆಂಥವರು ಎಂದರೆ ಎಂಥವರು ಎಂದು ನಾನು ಕೇಳಲಿಲ್ಲ. ನಮ್ಮಲ್ಲಿ ಅದನ್ನು ಬಿಡಿಸಿ ಹೇಳುವುದಿಲ್ಲ. ಹೊಸ ಗಾಡಿ ಮನೆಗೆ ಬಂದರೆ ವಿಭೂತಿ, ಕುಂಕುಮ, ಹೂವು, ಗಾಲಿಯ ಕೆಳಗೆ ನಿಂಬೆಹಣ್ಣು. ಆಮೇಲೆ ಮುತ್ತೈದೆಯೊಬ್ಬಳು ಬಲಗಾಲಿಟ್ಟು ಮೊದಲು ಕೂರಬೇಕು. ಅವಳು ಕೂತಂತೆ ಮುಂದಿನದು ಎಂಬ ನಂಬಿಕೆ. ಗಂಡ ಸತ್ತವಳು ಆ ಹೊತ್ತಿಗೆ ಎದುರು ಬರಬಾರದು. ಲಿಂಗ ಕಟ್ಟಿದವರಿಗೆ ಇದೆಲ್ಲ ಇಲ್ಲ ಎಂದು ಮಠದಲ್ಲಿ ಹೇಳುತ್ತಾರೆ. ಕೇಳಿ, ತಲೆ ಆಡಿಸಿ, ಮನೆಗೆ ಬಂದು ನಾವು ಮಾಡುವುದನ್ನೇ ಮಾಡುತ್ತೇವೆ.

ನನಗೆ ಹತ್ತು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಮರುವರ್ಷ ನನ್ನ ಅಕ್ಕ ಹರಿಹರದಿಂದ ಒಂದು ತಗಡಿನ ಟ್ರಂಕಿನ ಜೊತೆ ಬಸ್ಸಿಳಿದು ಬಂದಳು. ಭಾವ ಅಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಜ್ವರವೆಂದು ಮಲಗಿದವನು ಏಳಲಿಲ್ಲ. ಅಕ್ಕನಿಗೆ ಆಗ ಇಪ್ಪತ್ತೊಂದು. ಅಪ್ಪ ಹತ್ತಿ ಮಿಲ್ಲಿನ ಪಾಳಿಯಲ್ಲಿ ಹೋಗುತ್ತಿದ್ದ, ಬರುತ್ತಿದ್ದ, ಮಲಗುತ್ತಿದ್ದ. ನಿಟ್ಟುವಳ್ಳಿಯ ಎರಡು ಕೋಣೆಯ ಮನೆಯಲ್ಲಿ ನನ್ನನ್ನು ಎಬ್ಬಿಸಿ, ಮೀಯಿಸಿ, ಬೈದು, ಓದಿಸಿ ಮನುಷ್ಯನನ್ನಾಗಿ ಮಾಡಿದವಳು ಅಕ್ಕ. ಅವಳ ಮುಂದೆ ನಾನು ಯಾವತ್ತೂ ದೊಡ್ಡವನಾಗಲಿಲ್ಲ.

ನಾನು ದುಡಿದು ಕೊಂಡ ಮೊದಲ ವಾಹನ ಒಂದು ಸ್ಕೂಟರು. ಅದು ಮನೆಯ ಮುಂದೆ ಬಂದು ನಿಂತ ದಿನ ಅಕ್ಕ ಬೆಳಿಗ್ಗೆಯೇ ಎದ್ದು ಆರತಿ ತಟ್ಟೆ ಸಿದ್ಧಮಾಡಿದ್ದಳು. ಮರೆತಿದ್ದಳೋ, ತಮ್ಮನ ಗಾಡಿ ಎಂಬ ಸಂಭ್ರಮವೋ, ತಟ್ಟೆ ಹಿಡಿದು ತಾನೇ ಹೊಸ್ತಿಲು ದಾಟಿಬಿಟ್ಟಳು. ಅಂಗಳದಲ್ಲಿದ್ದ ಸೋದರತ್ತೆ ಜೋರಾಗಿ ಏನೂ ಹೇಳಲಿಲ್ಲ. "ನೀ ಈಚಿಗೆ ಬಾರವ್ವ," ಎಂದಳು, ಮಕ್ಕಳನ್ನು ಕರೆದ ಹಾಗೆ. ಅಕ್ಕ ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಕೀಲಿಯನ್ನು ನೋಡಿದೆ. ಅಕ್ಕ ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ ಶಾವಿಗೆ ಪಾಯಸ ಕಲಕಿದಳು. ಪಾಯಸ ಚೆನ್ನಾಗಿಯೇ ಆಗಿತ್ತು, ನಾನು ಎರಡು ಸಲ ಹಾಕಿಸಿಕೊಂಡೆ.

ಆ ಸ್ಕೂಟರಿನ ಮೇಲೆ ಅಕ್ಕ ಒಂದು ಸಲವೂ ಕೂರಲಿಲ್ಲ. "ನಂಗೆ ಬಸ್ಸೇ ಆರಾಮ ಕಣಪ್ಪ," ಎನ್ನುತ್ತಿದ್ದಳು. ಅವಳಿಗೆ ಎರಡು ಗಾಲಿಯ ಭಯ ಎಂದು ನಾನು ಹದಿನಾರು ವರ್ಷ ನಂಬಿದೆ. ನಂಬುವುದು ನನಗೂ ಸಲೀಸಾಗಿತ್ತು.

ಕಾರಿನ ಮಾತು ಮನೆಯಲ್ಲಿ ಶುರುವಾದಾಗ ಅಕ್ಕ ಇದ್ದಳು. "ಕಾರು ಬಂದ ದಿನ ಮೊದ್ಲು ನಿನ್ನೇ ಹರಿಹರಕ್ಕೆ ಕರ್ಕಂಡು ಹೋಗ್ತೀನಿ, ಹೊಳಿ ತೋರಿಸ್ತೀನಿ," ಎಂದಿದ್ದೆ. "ಮೊದ್ಲು ಬ್ಯಾಡ. ಎಲ್ಲಾ ಆದ್ಮೇಲೆ ಕರ್ಕಂಡು ಹೋಗು," ಎಂದಿದ್ದಳು. ಒಂದು ರಾತ್ರಿ ಊಟಕ್ಕೆ ಬಡಿಸುವಾಗ, "ಕಾರಿನ್ಯಾಗೆ ಡ್ರೈವರ್ ಪಕ್ಕದ ಸೀಟು ಯಾರಿಗಂತ ಇರ್ತೈತೋ?" ಎಂದು ಕೇಳಿದಳು. "ಮನೆ ಸಾವ್ಕಾರ್ತಿಗೆ," ಎಂದೆ. ಹೆಂಡತಿಯನ್ನು ಕೆಣಕಲು ಆಡಿದ ಮಾತು ಅದು. ಅಕ್ಕನೇ ನಕ್ಕಳು. ಆ ದಿನ ಅವಳ ಕೂದಲು ಗಾಳಿಗೆ ಕೆದರಿತ್ತು, ಮುಖ ಬಿಸಿಲಿಗೆ ಕೆಂಪಾಗಿತ್ತು. ಸಂಜೆ ಬಹಳ ತಡವಾಗಿ ಮನೆಗೆ ಬಂದವಳು ಬಸ್ಸು ಸಿಗಲಿಲ್ಲ ಎಂದಿದ್ದಳು. ನಾನು ಇದನ್ನೆಲ್ಲ ನೋಡಿದ್ದೆ, ಆದರೆ ಯಾಕೆಂದು ಕೇಳಿರಲಿಲ್ಲ.

ಇದಾಗಿ ಮೂರು ವಾರಕ್ಕೆ, ರೊಟ್ಟಿ ತಟ್ಟುತ್ತಿದ್ದವಳು ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಗೋಡೆಗೆ ಒರಗಿ ಕೂತಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಶೋರೂಮಿಗೆ ಕಾಲಿಟ್ಟಿದ್ದು ಅವಳು ಹೋದ ನಾಲ್ಕು ತಿಂಗಳ ಮೇಲೆ.

ಡೆಮೊ ಗಾಡಿ ಓಡಿಸಿ ತೋರಿಸುವುದಕ್ಕೆ ಶೋರೂಮಿನಲ್ಲಿ ಒಬ್ಬ ಡ್ರೈವರಿದ್ದರು. ಐವತ್ತು ದಾಟಿದ ಮುಸ್ಲಿಂ ಗೃಹಸ್ಥರು, ಮೊದಲು ಲಾರಿ ಓಡಿಸಿದ್ದವರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಒಂದು ಮಧ್ಯಾಹ್ನ, ಹೆಂಡತಿಗೆ ಹೇಳದೆ, ಆ ಗಾಡಿಯನ್ನು ಓಡಿಸಿ ನೋಡಲು ಹೋದೆ. ನಾನು ಸ್ಟೇರಿಂಗಿಗೆ ಕೂತೆ, ಸಾಹೇಬರು ಪಕ್ಕದಲ್ಲಿ ಕೂತರು. ನಾನು ಬಂದಿದ್ದು ಖೋಡಿ ಹುಡುಕುವುದಕ್ಕೆ. ಕ್ಲಚ್ಚು ಸ್ವಲ್ಪ ಮೇಲೆ ಹಿಡಿಯುತ್ತಿತ್ತು. ಎಡಗಡೆಯ ಮುಂದಿನ ಗಾಜು ಪೂರ್ತಿ ಏರುತ್ತಿರಲಿಲ್ಲ, ಮೇಲೆ ಒಂದು ಬೆರಳಿನಷ್ಟು ಸಂದು ಉಳಿಯುತ್ತಿತ್ತು. ಇನ್ನಷ್ಟು ಕಡಿಮೆ ಮಾಡಿಸಲು ಇಷ್ಟು ಸಾಕು ಎಂದು ಒಳಗೇ ಖುಷಿಪಟ್ಟೆ.

ಊರು ದಾಟಿದ ಮೇಲೆ ಸಾಹೇಬರು, "ಸಾವ್ಕಾರ್ರೆ, ನಿಮ್ದು ಪಂಪ್‌ಸೆಟ್ ಅಂಗಡಿ ಅಲ್ಲೇನ್ರಿ?" ಎಂದು ಕೇಳಿದರು.

"ಹೌದ್ರಿ. ನಿಮಗೆಂಗೆ ಗೊತ್ತು?"

"ನಿಮ್ಮ ಅಕ್ಕಾರು ಹೇಳಿದ್ರು. ನಿಮ್ದೂ ಅವರದೇ ಮುಖ. ಆರಾಮ ಅದಾರೇನ್ರಿ ಅಕ್ಕಾರು?"

ನಾನು ಗಾಡಿಯನ್ನು ರಸ್ತೆಯ ಬದಿಗೆ ಇಳಿಸಿದೆ. ಹೇಗೆ ಇಳಿಸಿದೆನೋ ಗೊತ್ತಿಲ್ಲ, ಹಿಂದಿನ ಲಾರಿಯವನು ಬೈದುಕೊಂಡು ಹೋದ. ಅಕ್ಕ ಹೋಗಿ ನಾಲ್ಕು ತಿಂಗಳಾಯಿತು ಎಂದು ಹೇಳಿದೆ. ಸಾಹೇಬರು ಮುಖದ ಮೇಲೆ ಎರಡೂ ಕೈ ಆಡಿಸಿಕೊಂಡರು. ಆಮೇಲೆ ನಾನು ಕೇಳದೆಯೇ ಹೇಳಿದರು.

ಅಕ್ಕ ಒಬ್ಬಳೇ ಶೋರೂಮಿಗೆ ಬಂದಿದ್ದಳಂತೆ. ನನ್ನ ತಮ್ಮ ಕಾರು ತಗಳ್ತಾನೆ, ಹೆಂಗೈತೆ ಅಂತ ನೋಡಬೇಕು ಎಂದಳಂತೆ. ಸಾಹೇಬರು ಅವತ್ತು ಹರಿಹರದ ಕಾರ್ಖಾನೆಯ ಆಫೀಸರೊಬ್ಬರಿಗೆ ತೋರಿಸಲು ಗಾಡಿ ಒಯ್ಯುತ್ತಿದ್ದರು. ಹರಿಹರ ಎಂದದ್ದೇ, "ನಾನೂ ಬರ್ಲೇನಪ್ಪ?" ಎಂದಳಂತೆ.

"ಹಿಂದಿನ ಬಾಗಲು ತೆಗೆದೆ ಸಾವ್ಕಾರ್ರೆ. ಅಕ್ಕಾರು ಹತ್ತಲಿಲ್ಲ. 'ಈ ಗಾಡಿಗೆ ಪೂಜೆ ಆಗೈತೇನಪ್ಪ?' ಅಂತ ಕೇಳಿದ್ರು. ಇಲ್ಲಮ್ಮ, ಇದು ಡೆಮೊ ಗಾಡಿ, ಯಾರ ಹೆಸರಿಗೂ ಇಲ್ಲ, ಪೂಜೆ ಗೀಜೆ ಏನೂ ಆಗಿಲ್ಲ ಅಂದೆ. 'ಹಂಗಾದ್ರೆ ನಾ ಮುಂದೇ ಕುಂದ್ರತೀನಿ. ಯಾರಿಗೂ ಏನೂ ಆಗಂಗಿಲ್ಲ,' ಅಂದ್ರು. ನಂಗೆ ಅರ್ಥ ಆಗ್ಲಿಲ್ರಿ. ಕೂಡ್ರಿ ಅಂದೆ."

ನನಗೆ ಅರ್ಥವಾಯಿತು.

"ಹರಿಹರದಾಗ ಒಂದು ಬೀದಿ ಹೇಳಿದ್ರು. ಅಲ್ಲಿ ನಿಧಾನಕ್ಕೆ ಹೊಡಿಯಪ್ಪ ಅಂದ್ರು. ತಾವೇ ಗ್ಲಾಸ್ ಇಳಿಸಿದ್ರು. ಯಾರನ್ನೂ ಮಾತಾಡಿಸ್ಲಿಲ್ಲ, ಇಳೀಲೂ ಇಲ್ಲ. ನೆಟ್ಟಗೆ ಕುಂತಿದ್ರು. ಬೀದಿ ಮುಗಿದ ಮ್ಯಾಲೆ ಸಾಕು ಅಂದ್ರು. ಆಮೇಲೆ ಹೊಳಿ ದಂಡಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದ್ವಿ. ನಿಮಗೆ ಹೇಳಿಲ್ಲೇನ್ರಿ?"

"ಇಲ್ಲ," ಎಂದೆ. "ಎಲ್ಲಿ ಕುಂತಿದ್ದಳು?"

"ಇಲ್ಲೇ ಸಾವ್ಕಾರ್ರೆ. ನಾ ಕುಂತಲ್ಲಿ."

ಸಾಹೇಬರು ಆ ಸೀಟಿನಿಂದ ತಾವಾಗಿಯೇ ಇಳಿದು ಸ್ಟೇರಿಂಗಿನ ಕಡೆ ಬಂದರು. ನಾನು ಈ ಕಡೆ ಬಂದು ಕೂತೆ. ನೂರಾರು ಮಂದಿ ಕೂತ ಸೀಟು, ಅಕ್ಕನ ಗುರುತು ಎಂದು ಅಲ್ಲಿ ಏನೂ ಇರಲಿಲ್ಲ. ಗಾಜಿನ ಹಿಡಿಕೆ ಹಿಡಿದು ಒಂದು ಸುತ್ತು ತಿರುವಿದೆ. ಗಾಡಿ ಹೊರಟ ಮೇಲೆ ಆ ಸಂದಿನಿಂದ ಗಾಳಿ ಸಣ್ಣಗೆ ಸುಯ್ಯೆನ್ನುತ್ತಿತ್ತು.

ಆಮೇಲಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಶೋರೂಮಿನ ಮುಂದೆ ಗಾಡಿಯಿಂದ ಇಳಿಯುವಾಗ ನನ್ನ ತಲೆಗೆ ಮೊದಲು ಬಂದ ಯೋಚನೆ ಅಕ್ಕನ ಬಗ್ಗೆ ಆಗಿರಲಿಲ್ಲ. ಈ ಗಾಡಿಯಲ್ಲಿ ಗಂಡ ಸತ್ತವಳು ಮುಂದೆ ಕೂತಿದ್ದಾಳೆ, ಇದು ನನ್ನ ಮಗಳಿಗೆ, ಹೆಂಡತಿಗೆ ಒಳ್ಳೆಯದಾಗುತ್ತದೆಯೇ ಎಂಬುದಾಗಿತ್ತು. ಸೋದರತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ಅವಳು ನನ್ನೊಳಗೇ ಕೂತು, ಈಚಿಗೆ ಬಾರವ್ವ ಎನ್ನುತ್ತಿದ್ದಳು. ನನ್ನನ್ನು ಸಾಕಿದವಳಿಗೆ ನಾನು ಮನಸ್ಸಿನಲ್ಲಿ ಮತ್ತೆ ಅದೇ ಮಾತು ಹೇಳಿದ್ದೆ. ಅವಳಿಗೆ ಇದು ಗೊತ್ತಿತ್ತು. ಅದಕ್ಕೇ ಯಾರದೂ ಅಲ್ಲದ ಗಾಡಿ ಹುಡುಕಿಕೊಂಡು ಹೋಗಿದ್ದಳು, ತನ್ನಿಂದ ಯಾರಿಗೂ ತೊಂದರೆಯಾಗದಿರಲಿ ಎಂದು.

ಹದಿನೈದು ದಿನ ನಾನು ಆ ಕಡೆ ತಲೆ ಹಾಕಲಿಲ್ಲ. ಹೊಸ ಗಾಡಿಯೇ ತೆಗೆದುಕೊಂಡುಬಿಡೋಣ, ತಲೆಬಿಸಿಯೇ ಬೇಡ ಎಂದುಕೊಂಡೆ. ಆದರೆ ಮನೆಯಲ್ಲಿ ಕಾಲಿಟ್ಟ ಕಡೆಯೆಲ್ಲ ಅಕ್ಕ ಇದ್ದಳು. ಹಂಚು ಕಾದ ವಾಸನೆ ಬಂದರೆ ತಿರುಗಿ ನೋಡುತ್ತಿದ್ದೆ. ಅಂಗಡಿಯಲ್ಲಿ ಯಾರಾದರೂ ಹೆಂಗಸು ನೆಟ್ಟಗೆ ಕೂತಿದ್ದರೆ ಲೆಕ್ಕ ತಪ್ಪುತ್ತಿತ್ತು. ಮಗಳು ಬಾಗಿಲ ಬಳಿ ಚಪ್ಪಲಿ ಬಿಟ್ಟ ಸದ್ದಿಗೆ, ಬಸ್ಸು ಸಿಗಲಿಲ್ಲ ಎಂದು ಅಕ್ಕನೇ ಹೇಳುತ್ತಾಳೆ ಎನ್ನಿಸುತ್ತಿತ್ತು. ಗಂಡನ ಮನೆಯಿದ್ದ ಆ ಬೀದಿಯಲ್ಲಿ ಅವಳು ಏನನ್ನು ನೋಡಿದಳು? ಟ್ರಂಕು ಹಿಡಿದು ಇಳಿದ ಕಟ್ಟೆಯನ್ನೋ, ಮುಚ್ಚಿದ ಬಾಗಿಲನ್ನೋ? ಯಾರಾದರೂ ಗುರುತು ಹಿಡಿದರೋ ಇಲ್ಲವೋ? ಗುರುತು ಹಿಡಿಯಲಿ ಎಂದೇ ಗಾಜು ಇಳಿಸಿದಳೋ? ಕೇಳುವುದಕ್ಕೆ ಅವಳಿರಲಿಲ್ಲ. ಇದ್ದಾಗ ನಾನು ಪಾಯಸ ತಿಂದಿದ್ದೆ.

ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಆ ರಸ್ತೆಯಲ್ಲಿ ಹೋಗುತ್ತಿದ್ದಾಗ ಬೇವಿನ ಮರದ ಕೆಳಗೆ ಗಾಡಿ ಕಾಣಲಿಲ್ಲ. ಸ್ಕೂಟರನ್ನು ಹೇಗೋ ನಿಲ್ಲಿಸಿ ಒಳಗೆ ಓಡಿದೆ. "ಮಾರಿಬಿಟ್ರೇನ್ರಿ?" ಎಂದು ನಾನು ಕೇಳಿದ ರೀತಿಗೆ ಮ್ಯಾನೇಜರು ಹೆದರಿದ. ಶಾಮನೂರಿನ ಒಬ್ಬರಿಗೆ ತೋರಿಸಲು ಹೋಗಿದೆ, ಅವರಿಗೂ ಡೆಮೊ ಗಾಡಿಯೇ ಬೇಕಂತೆ ಎಂದ. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಗಾಡಿ ವಾಪಸು ಬಂದಾಗ ಮುಂದಿನ ಸೀಟಿನಿಂದ ಗುಟಕಾ ಜಗಿಯುತ್ತಿದ್ದ ಒಬ್ಬ ದಪ್ಪ ಮನುಷ್ಯ ಇಳಿದ. ಅವನ ಮೇಲೆ ನನಗೆ ಬಂದ ಸಿಟ್ಟಿಗೆ ಯಾವ ನ್ಯಾಯವೂ ಇರಲಿಲ್ಲ. ಅವನಿಗಿಂತ ಮೊದಲು ಮುಂಗಡ ಕೊಟ್ಟೆ. ಗಾಜಿನ ಬಗ್ಗೆ, ಕ್ಲಚ್ಚಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಚೌಕಾಸಿ ಮಾಡದೆ ಒಂದು ವ್ಯಾಪಾರ ಮಾಡಿದೆ.

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅವಳ ಪಾಲಿಗೆ ಇದು ನನ್ನ ಹಳೆಯ ರೋಗವೇ. ಅಕ್ಕ ಕೂತಿದ್ದಳು ಎಂದು ಹೇಳಿದ್ದರೆ ಅವಳು ಏನನ್ನುತ್ತಿದ್ದಳೋ, ಕೇಳುವ ಧೈರ್ಯ ನನಗಿರಲಿಲ್ಲ. ಅವರಿಬ್ಬರೂ ಚೆನ್ನಾಗಿಯೇ ಇದ್ದರು. ಒಬ್ಬರ ತಲೆ ಇನ್ನೊಬ್ಬರು ಬಾಚುವಷ್ಟು ಚೆನ್ನಾಗಿದ್ದರು. ಆದರೆ ಚೆನ್ನಾಗಿರುವುದು ಬೇರೆ, ಮೊದಲ ಕಾರು ಬೇರೆ. ಮೂರನೆಯ ದಿನ ತಾನೇ ರಾಜಿಗೆ ಬಂದು ಕರಾರು ಹಾಕಿದಳು: ಹೊಸ ಸೀಟ್ ಕವರು ಹಾಕಿಸಬೇಕು, ಹರಿಹರದ ದೇವಸ್ಥಾನದ ಮುಂದೆ ಚೊಕ್ಕ ಪೂಜೆ ಮಾಡಿಸಬೇಕು.

"ಅಲ್ಲಿತನ ಯಾರ್ಯಾರು ಕುಂತಿದ್ರೋ ಅದೆಲ್ಲ ತೊಳದು ಹೋಗ್ಲಿ," ಎಂದಳು.

ಆ ಮಾತು ಪೂಜೆಯ ದಿನದವರೆಗೂ ನನ್ನ ಕಿವಿಯಲ್ಲಿತ್ತು. ಸೋಮವಾರ ಬೆಳಿಗ್ಗೆ ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಿದೆವು. ಪೂಜಾರಿ ಮೂತಿಗೆ ಹಾರ ಹಾಕಿದ, ಗಾಜಿಗೆ ವಿಭೂತಿಯ ಮೂರು ಗೆರೆ ಎಳೆದ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಆಮೇಲೆ ಎಡಗಡೆಯ ಬಾಗಿಲು ತೆಗೆದು ಸೀಟಿನ ಮೇಲೆ ತೀರ್ಥ ಚಿಮುಕಿಸಿದ. ಹೊಸ ಕವರಿನ ಮೇಲೆ ಹನಿಗಳು ನಿಂತವು. ಅವಳನ್ನು ತೊಳೆಯುತ್ತಿದ್ದಾರೆ ಎಂದು ನನಗನ್ನಿಸಿತು. ನನ್ನ ಕೈಯಲ್ಲಿ ಆಗಲೂ ಕೀಲಿ ಇತ್ತು.

"ಮುತ್ತೈದಿ ಬರ್ಲಿ. ಬಲಗಾಲಿಟ್ಟು ಮೊದ್ಲು ಕೂಡ್ರಲಿ," ಎಂದ ಪೂಜಾರಿ.

ಹೆಂಡತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಮೊದ್ಲು ಕುಂತಾಗೈತೆ," ಎಂದೆ.

ನನ್ನ ದನಿ ನನಗೇ ಬೇರೆಯವರದು ಎನ್ನಿಸಿತು. ಹೆಂಡತಿ ತಿರುಗಿ ನೋಡಿದಳು. "ಏನಂದ್ರಿ?"

"ಇದ್ರಾಗೆ ಮೊದ್ಲು ಅಕ್ಕ ಕುಂತಾಳೆ. ಅಲ್ಲೇ, ಆ ಸೀಟಿಗೆ."

ಪೂಜಾರಿ ತಂಬಿಗೆ ಹಿಡಿದು ನಿಂತ. ನಾನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ: ಶೋರೂಮಿಗೆ ಬಂದದ್ದು, ಪೂಜೆಯಾಗಿದೆಯೇ ಎಂದು ಕೇಳಿದ್ದು, ಇದೇ ಊರಿನ ಆ ಬೀದಿಯಲ್ಲಿ ಗಾಜಿಳಿಸಿ ಕೂತದ್ದು. ಹದಿನಾರು ವರ್ಷದ ಹಿಂದೆ ಅಂಗಳದಲ್ಲಿ ಆಡಬೇಕಿದ್ದ ಮಾತು, ಅವಳಿಲ್ಲದ ಮೇಲೆ ದೇವಸ್ಥಾನದ ಮುಂದೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೆಂಡತಿ ತೆರೆದಿದ್ದ ಮುಂದಿನ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಸೀಟನ್ನು ನೋಡಿದಳು. ಆಮೇಲೆ ಆ ಬಾಗಿಲನ್ನು ಮೆಲ್ಲಗೆ, ಸದ್ದಾಗದ ಹಾಗೆ ಮುಚ್ಚಿದಳು. ಹಿಂದಿನ ಬಾಗಿಲು ತೆಗೆದು ಮಗಳ ಪಕ್ಕ ಹೋಗಿ ಕೂತಳು. ನಾನು ಗಾಡಿ ಹೊರಡಿಸಿದೆ, ನಿಂಬೆಹಣ್ಣು ಒಡೆದವು.

ಊರಿಗೆ ನೇರ ಬರಬೇಕಾದವನು ಅಕ್ಕನ ಆ ಬೀದಿಗೆ ತಿರುಗಿಸಿದೆ. ಬಾಗಿ ಎಡಗಡೆಯ ಗಾಜು ಇಳಿಸಿ, ನಡಿಗೆಯ ವೇಗದಲ್ಲಿ ಹೋದೆ. ಕಟ್ಟೆಯ ಮೇಲೆ ಇಬ್ಬರು ಮುದುಕಿಯರು ಕೂತಿದ್ದರು. ಹಾರ ಹಾಕಿದ ಗಾಡಿಯ ಮುಂದಿನ ಸೀಟು ಖಾಲಿ ಇದ್ದದ್ದನ್ನು ಅವರು ಕತ್ತು ಹೊರಳಿಸಿ ನೋಡಿದರು. ದಾವಣಗೆರೆಯ ದಾರಿಯಲ್ಲಿ ದೊಡ್ಡಬಾತಿ ದಾಟುವಾಗ ಗಾಜು ಏರಿಸಿದೆ. ಬೆರಳಿನಷ್ಟು ಸಂದು ಉಳಿಯಿತು. ಹತ್ತು ನಿಮಿಷದ ಕೆಲಸ, ನಾನೇ ಮಾಡಬಲ್ಲೆ, ಆದರೂ ಅದನ್ನು ನಾನು ಸರಿ ಮಾಡಲಿಲ್ಲ.

ಆ ಕಾರು ನಮ್ಮಲ್ಲಿ ಏಳು ವರ್ಷ ಇತ್ತು. ಮದುವೆಗೆ, ಆಸ್ಪತ್ರೆಗೆ, ಮಗಳ ಕಾಲೇಜಿಗೆ ಎಲ್ಲ ಅದರಲ್ಲೇ ಓಡಾಡಿದೆವು. ನನ್ನ ಹೆಂಡತಿ ಒಂದು ದಿನವೂ ಮುಂದಿನ ಸೀಟಿಗೆ ಕೂರಲಿಲ್ಲ. ನಾವಿಬ್ಬರೇ ಹೋಗುವಾಗಲೂ ಹಿಂದೆಯೇ ಕೂರುತ್ತಿದ್ದಳು. ಅಕ್ಕನ ಮೇಲಿನ ಗೌರವಕ್ಕೋ, ಅಥವಾ ಹೆದರಿಕೆಗೋ, ನನಗೆ ಗೊತ್ತಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.